ರಾಜರತ್ನ ಮಾಸ್ತರರ ಎಡಗಾಲು

ಬೆಳಿಗ್ಗೆ ಕಾಲು ನೆಲಕ್ಕೆ ಇಳಿಸುವ ಮೊದಲೇ ಪಟ್ಟಿ ಸುತ್ತಬೇಕು ಎಂದು ಡಾಕ್ಟರು ಹೇಳಿದಂದಿನಿಂದ ರಾಜರತ್ನ ಎಚ್ಚರವಾದ ಮೇಲೂ ಹಾಸಿಗೆಯಲ್ಲೇ ಬಿದ್ದುಕೊಂಡು ಹೆಂಡತಿಯ ಹಾದಿ ಕಾಯುವ ಮನುಷ್ಯನಾಗಿದ್ದ. ಅಡುಗೆಮನೆಯಲ್ಲಿ ಮಾಲಾ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುವ ತನಕ ಅವನಿಗೆ ಬಿಡುಗಡೆಯಿಲ್ಲ. ದಿಂಬುಗಳ ಮೇಲೆ ಏರಿಸಿಟ್ಟ ಎಡಗಾಲನ್ನೇ ಅವನು ನೋಡುತ್ತಿದ್ದ. ಮಲಗಿದಷ್ಟು ಹೊತ್ತೂ ಎತ್ತರದಲ್ಲಿದ್ದುದರಿಂದ ಬಾವು ಇಳಿದಿತ್ತು. ಬೆಳಗಿನ ಈ ಕಾಲನ್ನು ಕಂಡವರು ಸಂಜೆಯ ಕಾಲನ್ನು ನಂಬುವುದಿಲ್ಲ. ಸಂಜೆ ಅದು ಯಾರದೋ ಕಾಲನ್ನು ತಂದು ಅಂಟಿಸಿದಂತೆ ದಪ್ಪಗೆ, ಭಾರವಾಗಿರುತ್ತದೆ; ಬೆರಳಿಟ್ಟಲ್ಲಿ ಕುಳಿ ಬಿದ್ದು ಆ ಕುಳಿ ಹಾಗೇ ಉಳಿಯುತ್ತದೆ. ಆದರೆ ಬೆಳಿಗ್ಗೆಯೂ ಮುಚ್ಚಿಡಲಾಗದ್ದು ಕೆಲವಿತ್ತು. ಮೀನಖಂಡದ ಮೇಲೆ ನರಗಳು ನೀಲಿಯಾಗಿ ಗಂಟುಗಂಟಾಗಿ ಸೊಟ್ಟಸೊಟ್ಟ ಇಳಿದಿದ್ದವು. ಪಾದದ ಗಂಟಿನ ಮೇಲೆ, ಒಳಮಗ್ಗುಲಿಗೆ, ಚರ್ಮ ಸುಟ್ಟ ಬದನೆಕಾಯಿಯ ಸಿಪ್ಪೆಯ ಬಣ್ಣಕ್ಕೆ ತಿರುಗಿ ಬಿರುಸಾಗಿತ್ತು. ಅದರ ನಡುವೆ ಹುಣ್ಣು. ನೋವು ಅಷ್ಟೇನೂ ಇಲ್ಲ, ರಸಿಕೆ ಮಾತ್ರ ನಿಲ್ಲುವುದಿಲ್ಲ. ಮೂವತ್ತು ಚಿಲ್ಲರೆ ವರ್ಷ ವಿಜ್ಞಾನ ಹೇಳಿದ ಮಾಸ್ತರನಿಗೆ ತನ್ನ ಕಾಲಿನಲ್ಲಿ ನಡೆದದ್ದು ತಿಳಿಯಲಿಲ್ಲವೆಂದರೆ ಯಾರಾದರೂ ನಗಬೇಕು. ಯಾರೂ ನಗಲಿಲ್ಲ, ಏಕೆಂದರೆ ಅವನು ಯಾರಿಗೂ ಹೇಳಿರಲಿಲ್ಲ. ಮಗಳಿಗೂ ಕಾಲು ಉಳುಕಿದೆ ಎಂದೇ ಹೇಳಿದ್ದ.

ಮಾಲಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಹಾಸಿಗೆಯ ತುದಿಗೆ ಕೂತಳು. ಹುಣ್ಣಿನ ಮೇಲಿನ ಹಳೆಯ ತೆಳು ಬಟ್ಟೆ ಬಿಚ್ಚಿ, ತೊಳೆದು, ಹೊಸದಿಟ್ಟು, ಪಟ್ಟಿಯ ಸುರುಳಿಯನ್ನು ಬೆರಳುಗಳ ಬುಡದಿಂದ ಸುತ್ತತೊಡಗಿದಳು. ಅವಳು ತನ್ನ ಕಾಲು ಮುಟ್ಟುವಾಗ ಅವನು ಯಾವಾಗಲೂ ಗೋಡೆಯ ಕಡೆಗೆ ತಿರುಗುತ್ತಾನೆ.

"ಬಾಳ ಬಿಗಿ ಬ್ಯಾಡ. ಇವತ್ತ ಬೂಟ ಹಾಕ್ಕೋಬೇಕು," ಎಂದ.

"ಸಡಲ ಸುತ್ತಿದ್ರ ಸುತ್ತೋದರ ಯಾಕ್ರಿ? ಡಾಕ್ಟರ್ ಬಾಯಾರು ಏನ ಹೇಳ್ಯಾರ?"

"ಡಾಕ್ಟರ್ ಬಾಯಾರು ಬಬಲೇಶ್ವರಕ್ಕ ಬರಂಗಿಲ್ಲ. ಇದೊಂದ ದಿನಾ."

ಮಾಲಾ ಸುತ್ತುವುದನ್ನು ನಿಲ್ಲಿಸಿದಳು. "ಪಾದಪೂಜಿ ಒಲ್ಲೆ ಅಂತ ಹೇಳೀರಿಲ್ಲೋ?"

"ಹೇಳೇನಿ."

"ಯಾಕ ಒಲ್ಲೆ ಅಂದ್ರಿ?"

"ನಾವು ಬೌದ್ಧರು. ಕಾಲ ತೊಳಿಯೂದು, ಬೀಳೂದು, ಇದೆಲ್ಲಾ ನಮ್ಮಲ್ಲಿ ಇಲ್ಲಪಾ ಅಂದೆ. ಆತು ಅಂದ ಸಂಗನಬಸವ."

"ಕಾಲಿಗೆ ಹುಣ್ಣಾಗೇತಿ ಅಂದಿದ್ರ ಆಕಿದ್ದಿಲ್ಲ?" ಎಂದು ಮಾಲಾ ಅವನ ಮುಖ ನೋಡದೆಯೇ ಕೇಳಿ, ಪಟ್ಟಿಯ ತುದಿಗೆ ಪಿನ್ನು ಚುಚ್ಚಿ ಎದ್ದು ಹೋದಳು. ಪಟ್ಟಿ ಸಡಿಲವಾಗಿತ್ತು. ಬೂಟಿನೊಳಗೆ ಕಾಲು ಸುಲಭವಾಗಿ ಹೋಯಿತು.

ಹಳೆಯ ವಿದ್ಯಾರ್ಥಿಗಳು ಒಟ್ಟುಗೂಡಿ ತಮಗೆ ಕಲಿಸಿದವರನ್ನು ಕರೆಸಿ, ವೇದಿಕೆಯ ಮೇಲೆ ಸಾಲಾಗಿ ಕೂಡಿಸಿ, ಕಾಲು ತೊಳೆದು, ಹೂ ಏರಿಸಿ, ಶಾಲು ಹೊದಿಸಿ ಕಳಿಸುವ ಈ ಗುರುವಂದನೆ ಈಚೆಗೆ ಊರೂರಿನಲ್ಲಿ ನಡೆಯುತ್ತಿದೆ. ನಿವೃತ್ತರಾದ ಮಾಸ್ತರರು ಒಬ್ಬರಿಗೊಬ್ಬರು ಫೋನು ಮಾಡಿ "ನಿಮ್ಮದ ಆತೇನ್ರಿ?" ಎಂದು ಕೇಳುವ ಮಟ್ಟಕ್ಕೆ ಬಂದಿದೆ. ರಾಜರತ್ನನಿಗೂ ಅದರ ಆಸೆಯಿತ್ತು. ಆಸೆಯಿತ್ತು ಎಂದು ಒಪ್ಪಿಕೊಳ್ಳುವುದು ಅವನಿಗೆ ಹುಣ್ಣು ತೋರಿಸುವುದಕ್ಕಿಂತ ಕಷ್ಟ. ಬೇರೆಯವರ ಪಾದಪೂಜೆಯ ವಿಡಿಯೋಗಳನ್ನು ಮೊಬೈಲಿನಲ್ಲಿ ನೋಡುತ್ತ, ಮಗಳ ಎದುರಿಗೆ "ಇದೆಲ್ಲಾ ಮೂಢತನ" ಎಂದು ಹೇಳುತ್ತಲೇ, ಬಬಲೇಶ್ವರದ ದೊಡ್ಡ ಹೊಲಗಳ ಮನೆಯ ಮಕ್ಕಳು, ತನ್ನ ಓಣಿಗೆ ಕಾಲಿಡದವರ ಮಕ್ಕಳು, ತನ್ನ ಕಾಲನ್ನು ತಾಟಿನಲ್ಲಿ ಇಟ್ಟುಕೊಂಡು ತೊಳೆಯುವುದನ್ನು ಎಷ್ಟೋ ಸಲ ಕಣ್ಣ ಮುಂದೆ ತಂದುಕೊಂಡಿದ್ದ. ಅದೇ ಹೊತ್ತಿಗೆ ಕಾಲು ಹೀಗಾಯಿತು. ಹಳೆಯ ವಿದ್ಯಾರ್ಥಿ ಸಂಗನಬಸವ ಫೋನು ಮಾಡಿದಾಗ ಎದೆ ಹಿಗ್ಗಿತು, ಹುಣ್ಣು ನೆನಪಾಯಿತು, ಬಾಯಿಗೆ ಧರ್ಮ ಬಂತು. ಅವನು ನಂಬಿದ ಧರ್ಮವೇ ಅದು, ಸುಳ್ಳಲ್ಲ. ಆದರೆ ಆ ಗಳಿಗೆಯಲ್ಲಿ ಅವನು ಅದನ್ನು ಕಾಲುಚೀಲದಂತೆ ಎಳೆದುಕೊಂಡಿದ್ದ.

ಬಸ್ಸಿನಲ್ಲಿ ಲಗ್ನಕ್ಕೆ ಹೊರಟವರ ಗದ್ದಲ. ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗಿಯೊಬ್ಬಳು ಎದ್ದು, "ಕುಂದ್ರ ಬರ್ರಿ ಅಜ್ಜಾರ," ಎಂದಳು. "ಬ್ಯಾಡವಾ, ನನಗ ನಿಂತ ರೂಢಿ ಐತಿ," ಎಂದುಬಿಟ್ಟ. ಅಜ್ಜಾರ ಎಂದದ್ದಕ್ಕೆ ಬೇಸರವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಕೂಡು ಎಂದವರಿಗೆ ಬೇಡ ಎನ್ನುವುದು ಅವನ ಬಾಯಿಗೆ ಕೂತುಹೋಗಿತ್ತು. ಒಂದೇ ಕಡೆ ಕಂಬದಂತೆ ನಿಲ್ಲಬೇಡಿ, ನಿಲ್ಲಲೇಬೇಕಾದರೆ ಹಿಮ್ಮಡ ಎತ್ತಿ ಇಳಿಸುತ್ತಿರಿ, ಮೀನಖಂಡ ಹಿಂಡಿದಷ್ಟೂ ರಕ್ತ ಮೇಲಕ್ಕೆ ಹೋಗುತ್ತದೆ ಎಂದಿದ್ದರು ಡಾಕ್ಟರ್ ವಿಜಯಲಕ್ಷ್ಮೀ. ಎತ್ತಿ ಇಳಿಸಲು ಜಾಗವಿರಲಿಲ್ಲ. ಮೇಲಿನ ಸರಳು ಹಿಡಿದು ನಿಂತ. ಊರು ದಾಟಿ ದ್ರಾಕ್ಷಿ ತೋಟಗಳು ಬಂದವು. ಒಣದ್ರಾಕ್ಷಿಯ ಶೆಡ್ಡುಗಳ ಹಸಿರು ಪರದೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಕಾಲು ಮೆಲ್ಲಗೆ ತುಂಬಿಕೊಳ್ಳತೊಡಗಿತು. ಮೊದಲ ಸಲ ಕಾಲು ತೋರಿಸಲು ಹೋದ ದಿನ ಅವನು ಆ ಡಾಕ್ಟರರ ಕೋಣೆಯಲ್ಲಿ ಪ್ಯಾಂಟು ಮಡಚಿಕೊಂಡು ನಿಂತಿದ್ದ. ಸ್ಕ್ಯಾನಿನ ಯಂತ್ರ ಕಾಲ ಮೇಲೆ ತಣ್ಣಗೆ ಓಡಾಡಿತ್ತು. ಒಳಗಿನ ರಕ್ತದ ಸದ್ದು ಭುಸ್ಸೆಂದು ಕೋಣೆಯ ತುಂಬ ಕೇಳಿಸಿತ್ತು. "ನರದಾಗ ಸಣ್ಣ ಸಣ್ಣ ಬಾಗಲಾ ಇರ್ತಾವ್ರಿ. ರಕ್ತ ಮ್ಯಾಲ ಹೋತಂದ್ರ ಮುಚ್ಕೋಬೇಕು. ನಿಮ್ಮವು ಮುಚ್ಚವಲ್ವು. ಹೋದ ರಕ್ತ ತಿರಗಿ ಕೆಳಗ ಬಂದ ನಿಂದರತೈತಿ." ಅವನು ತಲೆಯಾಡಿಸಿದ. ಆ ಬಾಗಿಲುಗಳನ್ನು ಅವನು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿಲ್ಲ! ಅಪಧಮನಿಗೆ ಕೆಂಪು ಸೀಮೆಸುಣ್ಣ, ಅಭಿಧಮನಿಗೆ ನೀಲಿ. ಹಳೆಯ ಪುಸ್ತಕದಲ್ಲಿ ಕಾಲಿನಿಂದ ಮೇಲೆ ಬರುವ ರಕ್ತಕ್ಕೆ ಅಶುದ್ಧ ರಕ್ತ ಎಂದು ಬರೆದಿತ್ತು. ಆ ಶಬ್ದವನ್ನು ಅವನು ಯಾವ ವರ್ಷವೂ ಬಾಯಿಬಿಟ್ಟು ಓದಲಿಲ್ಲ. ಓದುವ ಪಾಳಿ ಬಂದ ಮಗು ಓದಿದರೆ ಕಿಟಕಿಯ ಹೊರಗೆ ನೋಡುತ್ತಿದ್ದ.

"ಕಾಲ ಭಾರ ಆಗೂದು, ಸಂಜಿಕ ಬಾವ ಬರೂದು, ತುರಸೂದು, ಇದೆಲ್ಲಾ ಯಾವಾಗಿಂದ್ರಿ?" ಎಂದಿದ್ದರು ಡಾಕ್ಟರು. ಅವನು ಲೆಕ್ಕ ಹಾಕಿ ನೋಡಿದರೆ ಬಾಳ ಹಿಂದಿನಿಂದ. ಕಾಲುಚೀಲದ ಎಲಾಸ್ಟಿಕ್ಕು ಬಿಗಿಯಾಯಿತೆಂದು ಅಂಗಡಿಯವನ ಸಂಗಡ ಜಗಳಾಡಿದ್ದ. ಚರ್ಮ ಕಪ್ಪಾದಾಗ ಬೂಟಿನ ಬಣ್ಣವೆಂದು ತಿಕ್ಕಿ ತಿಕ್ಕಿ ತೊಳೆದಿದ್ದ. ತುರಿಸಿದ್ದು ಗಾಯವಾಗಿ ಒಣಗದೆ ಹೋದಾಗ ಅರಕೇರಿಯ ಸೋದರತ್ತೆ ಮಾಳವ್ವ ಸುಣ್ಣ ಅರಿಷಿಣ ಕಲಸಿ ಹಚ್ಚಿ ಎಲೆ ಕಟ್ಟಿದಳು; ಗಾಯ ಇನ್ನಷ್ಟು ಅಗಲವಾಯಿತು. ಎಲೆ ಬಿಚ್ಚಿದ ದಿನ ಆ ಮುದುಕಿ ಮೂಗಿಗೆ ಸೆರಗು ಹಿಡಿದು, "ಮಹಾರೋಗ ಅಲ್ಲಲ್ಲೋ ಇದು?" ಎಂದು ಕೇಳಿ, ಅವನ ತೊಡೆಯ ಮೇಲೆ ಕೂತಿದ್ದ ತನ್ನ ಮೊಮ್ಮಗಳನ್ನು ಎತ್ತಿಕೊಂಡು ಒಳಗೆ ಹೋದಳು. ಎತ್ತಿಕೊಂಡು ಹೋದ ಆ ರೀತಿ ಅವನಿಗೆ ಗೊತ್ತಿದ್ದದ್ದೇ. ಸಣ್ಣವನಿದ್ದಾಗ ಬೇರೆಯವರ ಅಂಗಳದಲ್ಲಿ ಕಂಡಿದ್ದ. ತನ್ನವರ ಅಂಗಳದಲ್ಲಿ ಅಂದೇ ಮೊದಲು ಕಂಡದ್ದು. ಆಮೇಲೆ ಹೆಂಡತಿ, ಡಾಕ್ಟರರ ಹೊರತು ಅವನು ಯಾರಿಗೂ ಕಾಲು ತೋರಿಸಲಿಲ್ಲ.

"ನಿಂತ ಮಾಡೂ ಕೆಲಸೇನ್ರಿ ನಿಮ್ಮದು?"

"ಮಾಸ್ತರಿಕಿ ಮಾಡೇನ್ರಿ. ಒಂದ ದಿನಾನೂ ಕುರ್ಚಿ ಮ್ಯಾಲ ಕುಂತ ಪಾಠ ಹೇಳಿಲ್ರಿ," ಎಂದಿದ್ದ, ಹೆಮ್ಮೆಯಿಂದಲೇ.

ಡಾಕ್ಟರು ಬರೆಯುವುದನ್ನು ಬಿಟ್ಟು ನೋಡಿದರು. "ಎಲ್ಲಾರಿಗೂ ಆಗಂಗಿಲ್ಲ, ಆದ್ರ ನಿಮಗ ಅದರಿಂದನ ಜಾಸ್ತಿ ಆಗೇತ್ರಿ ಸರ್. ಕುಂದ್ರಬೇಕಿತ್ತು." ಎಷ್ಟು ಸುಲಭವಾಗಿ ಹೇಳಿದರು! ಕುಂದ್ರಬೇಕಿತ್ತು. ಅವನೂ ಮೊದಲು ಕೂತವನೇ. ತಿಕೋಟಾದಲ್ಲಿ ಕೂತಿದ್ದ. ಬಬಲೇಶ್ವರಕ್ಕೆ ವರ್ಗವಾಗಿ ಬಂದ ಹೊಸತರಲ್ಲೂ ಕೂತಿದ್ದ. ಒಂದು ಮಧ್ಯಾಹ್ನ ಶಾಲೆಯ ಕಮಿಟಿಯ ಹಿರಿಯ ಬಸಗೊಂಡಪ್ಪ, ಮಗ ಸಂಗನಬಸವ ಹೇಗೆ ಓದುತ್ತಾನೆಂದು ಕೇಳಲು ನೇರವಾಗಿ ತರಗತಿಯೊಳಗೇ ಬಂದ. ಬಿಳಿ ಧೋತರ, ಹೆಗಲ ಮೇಲೆ ಟಾವೆಲು. ಕೆಟ್ಟ ಮಾತೇನೂ ಆಡಲಿಲ್ಲ. ರಾಜರತ್ನ ಎದ್ದು ನಿಂತ. ಇದ್ದದ್ದು ಒಂದೇ ಕುರ್ಚಿ; ಬಸಗೊಂಡಪ್ಪ ಅದರಲ್ಲಿ ಕೂತ, ಮಳೆ ಬೆಳೆ ಮಾತಾಡಿದ, ಮಗನ ಕಿವಿ ಹಿಂಡಿ ನಕ್ಕು ಹೋದ. ಅಷ್ಟೇ ನಡೆದದ್ದು. ಏಳು ಎಂದು ಯಾರೂ ಅಂದಿರಲಿಲ್ಲ. ಅವನ ಕಾಲೇ ಎದ್ದಿತ್ತು, ತಲೆಗೆ ಕೇಳದೆ. ಮಕ್ಕಳೆಲ್ಲ ನೋಡಿದ್ದರು. ಮರುದಿನ ಆ ಕುರ್ಚಿಯನ್ನು ಸ್ಟಾಫ್ ರೂಮಿಗೆ ಹೊತ್ತು ಹಾಕಿಸಿದ. ಮುಂದೆ ಎಲ್ಲಿ ವರ್ಗವಾದರೂ ತರಗತಿಯಲ್ಲಿ ಕುರ್ಚಿ ಇಡಗೊಡಲಿಲ್ಲ. ಜನ ಅದನ್ನು ನಿಷ್ಠೆ ಎಂದರು. ಅವನೂ ನಿಷ್ಠೆ ಎಂದೇ ಅಂದುಕೊಂಡ. ಕಂಡಕ್ಟರ್ ಬಬಲೇಶ್ವರ ಎಂದು ಕೂಗಿದಾಗ ಎಡಗಾಲು ಎತ್ತಲಾರದಷ್ಟು ಭಾರವಾಗಿತ್ತು, ಕಾಲುಚೀಲದ ಒಳಗೆ ಎಲ್ಲೋ ತಣ್ಣಗೆ ತೇವವಾಗಿತ್ತು.

ಶಾಲೆಯ ಅಂಗಳದಲ್ಲಿ ಶಾಮಿಯಾನ. ಸಂಗನಬಸವ ಓಡಿ ಬಂದು ಕೈಹಿಡಿದ. ಈಗ ದ್ರಾಕ್ಷಿಯ ದೊಡ್ಡ ಬೆಳೆಗಾರ. ನೆತ್ತಿಯ ಕೂದಲು ತೆಳ್ಳಗಾಗಿತ್ತು, ನಗು ಮಾತ್ರ ಹುಡುಗನದೇ. "ಸರ್, ನಿಮ್ಮ ಮಾತಿನಂಗ ನಿಮಗ ಬರೇ ಶಾಲು, ಹೂವ. ನಾ ಎಲ್ಲಾರಿಗೂ ಹೇಳೇನ್ರಿ," ಎಂದು ಕಿವಿಯಲ್ಲಿ ಹೇಳಿದ. ರಾಜರತ್ನ ತಲೆಯಾಡಿಸಿದ. ಎಷ್ಟು ಬೇಗ ಒಪ್ಪಿಕೊಂಡನಲ್ಲ ಎನಿಸಿತು. ಫೋನಿನಲ್ಲೂ ಒಂದು ಸಲವೂ ಒತ್ತಾಯ ಮಾಡಿರಲಿಲ್ಲ. ಬೇರೆಯವರು ಬೇಡವೆಂದರೆ "ಹಂಗಂದ್ರ ಹೆಂಗ್ರಿ ಸರ್" ಎಂದು ಜಗ್ಗಾಡುತ್ತಿದ್ದನೇನೋ. ವೇದಿಕೆಯ ಮೇಲೆ ಆರೇಳು ಕುರ್ಚಿ. ಅವನ ಪಕ್ಕಕ್ಕೆ ಡ್ರಿಲ್ ಮಾಸ್ತರ ಹುಸೇನಸಾಬ, ತಿಕೋಟಾದಿಂದಲೂ ಜೊತೆಗಿದ್ದವನು. "ನಾ ಏನ ಬ್ಯಾಡ ಅನ್ನಲಿಲ್ಲಪಾ. ಹುಡುಗೂರು ಪ್ರೀತಿಲೆ ತೊಳಿತಾವ, ತೊಳೀಲಿ ಬಿಡು," ಎಂದು ಆಗಲೇ ಚಪ್ಪಲಿ ಕಳಚಿ ಕೂತಿದ್ದ. ಅವನ ಪಾದಗಳು ಒಣಗಿ, ಸೀಳಿ, ಆರೋಗ್ಯವಾಗಿದ್ದವು. ರಾಜರತ್ನನಿಗೆ ಆ ಪಾದಗಳನ್ನು ಕಂಡು ಹೊಟ್ಟೆ ಉರಿಯಿತು.

ಭಾಷಣಗಳಾದವು. ರಾಜರತ್ನ ಸರ್ ಎಂದೂ ಕೂತು ಪಾಠ ಮಾಡಲಿಲ್ಲ ಎಂದು ಒಬ್ಬ ಹೇಳಿದಾಗ ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಮುದುಕನಾದ ಬಸಗೊಂಡಪ್ಪನೂ ಕೋಲು ಬಗಲಿಗಿಟ್ಟುಕೊಂಡು ಚಪ್ಪಾಳೆ ತಟ್ಟಿದ. ಆಮೇಲೆ ಹಿತ್ತಾಳೆಯ ತಾಟು, ತಂಬಿಗೆ, ಹೂ ಬಂದವು. ಮೊದಲ ಕುರ್ಚಿಯಿಂದ ಶುರುವಾಯಿತು. ಒಬ್ಬೊಬ್ಬರ ಎದುರಿಗೂ ನಾಲ್ಕಾರು ಮಂದಿ ಮೊಣಕಾಲೂರಿ ಪಾದ ತೊಳೆದು, ಟಾವೆಲಿನಿಂದ ಒರೆಸಿ, ಹೂವಿಟ್ಟು ಹಣೆ ಹಚ್ಚಿದರು. ಕಣ್ಣೀರು ಹಾಕಿದವರೂ ಇದ್ದರು. ಹುಸೇನಸಾಬನ ಪಾಳಿ ಮುಗಿಯಿತು; ಅವನು ಚಪ್ಪಲಿ ಮೆಟ್ಟಿ ವೇದಿಕೆಯಿಂದ ಇಳಿದು ಮುಂದಿನ ಸಾಲಿಗೆ ಹೋದ. ತಾಟನ್ನು ಎತ್ತಿಕೊಂಡು ತೊಳೆಯುವವರು ರಾಜರತ್ನನ ಮುಂದೆ ಹಾದು ಆಚೆಯ ಕುರ್ಚಿಗೆ ಹೋದರು. ಹಾಗೆ ಮಾಡಿ ಎಂದು ಹೇಳಿದವನು ಅವನೇ. ಆದರೂ ತಾಟು ತನ್ನನ್ನು ದಾಟಿ ಹೋದಾಗ ಅವನ ಮುಖಕ್ಕೆ ಬಿಸಿ ಏರಿತು. ಬೂಟು ಹಾಕಿದ ಕಾಲುಗಳು ಅಲ್ಲಿ ಅವನವು ಮಾತ್ರ. ಕೆಳಗೆ ಕೂತವರಿಗೆ ಏನು ಕಾಣುತ್ತಿದೆ ಎಂಬುದು ಅವನಿಗೆ ಆಗ ಹೊಳೆಯಿತು. ಎಲ್ಲರ ಕಾಲು ತೊಳೆದರು, ಹೊಲಗೇರಿಯಿಂದ ಬಂದ ಮಾಸ್ತರನನ್ನು ಬಿಟ್ಟರು. ಅಷ್ಟೇ ಕಾಣುತ್ತದೆ. ತನಗೂ ಯಾಕೆ ಅದೇ ಕಾಣುತ್ತಿದೆ ಎಂಬುದು ಮಾತ್ರ ತಿಳಿಯಲಿಲ್ಲ.

ಹೆಂಗಸರ ಕಡೆಯಿಂದ ರೇಣವ್ವ ಎದ್ದು ನಿಂತಳು. ಬಬಲೇಶ್ವರದಲ್ಲಿ ಅವನಿದ್ದ ಓಣಿಯ ಹುಡುಗಿ, ಅವನು ಮನೆಮನೆಗೆ ಹೋಗಿ ಶಾಲೆಗೆ ಕರೆತಂದವಳು, ಈಗ ಅಂಗನವಾಡಿಯಲ್ಲಿ ಕೆಲಸ. "ನಮ್ಮ ಸರ್ ಪಾದಾ ಯಾಕ ಬಿಟ್ರಿ?" ಎಂದಳು. "ನೀರ ಖಾಲಿ ಆತೇನ?"

ಸಂಗನಬಸವ ಮೈಕು ಹಿಡಿದು, "ಅಕ್ಕಾ, ಹಂಗಲ್ಲಬೇ, ಸರ್ ಅವರ ಬ್ಯಾಡಂದಾರ. ಕೇಳ್ರಿ ಬೇಕಾರ," ಎಂದು ಅವನ ಕಡೆ ತಿರುಗಿದ. ಎಲ್ಲರೂ ತಿರುಗಿದರು. ಹೌದು, ನಾನೇ ಬೇಡವೆಂದೆ. ಇಷ್ಟು ಹೇಳಿದರೆ ಸಾಕಾಗಿತ್ತು. ಬಾಯಿಯವರೆಗೆ ಬಂದಿತ್ತು ಕೂಡ. ಅಷ್ಟರಲ್ಲಿ ಮುಂದಿನ ಸಾಲಿನ ಬಸಗೊಂಡಪ್ಪನ ಮುಖ ಕಂಡಿತು. ಮುದುಕ ಮಗನನ್ನೂ ಮಾಸ್ತರನನ್ನೂ ನೋಡುತ್ತ ಗಾಬರಿಯಾಗಿದ್ದ. ಆ ಗಾಬರಿ ರಾಜರತ್ನನಿಗೆ ಸಿಹಿಯಾಗಿತ್ತು. ಅವನು ಇನ್ನೊಂದು ಗಳಿಗೆ ಸುಮ್ಮನೆ ಕೂತ. ಆ ಒಂದು ಗಳಿಗೆ ಬಾಳ ಉದ್ದವಾಯಿತು. ಸಂಗನಬಸವನ ಕಿವಿ ಕೆಂಪಾದವು. ಮೈಕನ್ನು ಪಕ್ಕದವನ ಕೈಗೆ ಕೊಟ್ಟು, ತಾಟು ಎಳೆದುಕೊಂಡು ಬಂದು ರಾಜರತ್ನನ ಎದುರಿಗೆ ಮೊಣಕಾಲೂರಿದ. "ಸರ್, ಇನ್ನ ಬ್ಯಾಡನಬ್ಯಾಡ್ರಿ. ನನ್ನ ಮರ್ಯಾದಿ ಪ್ರಶ್ನಿ," ಎಂದು ಮೆಲ್ಲಗೆ ಅಂದು ಎಡಗಾಲಿನ ಬೂಟಿಗೆ ಕೈ ಹಾಕಿದ.

ಬೂಟು ಬಿಚ್ಚುವುದು ಸುಲಭವಿರಲಿಲ್ಲ. ಕಾಲು ಊದಿ ಅದರಲ್ಲಿ ಸಿಕ್ಕಿಕೊಂಡಿತ್ತು. ಸಂಗನಬಸವ ಒಂದು ಕೈಯಿಂದ ಹಿಮ್ಮಡವನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಎಳೆದ. ಆ ಕೈ ಬೆಚ್ಚಗಿತ್ತು, ಒರಟಾಗಿತ್ತು, ಅದರಲ್ಲಿ ಎಳ್ಳಷ್ಟೂ ಹಿಂಜರಿಕೆ ಇರಲಿಲ್ಲ. ಇದನ್ನು ಬಲ್ಲವನು ಲೋಕದಲ್ಲಿ ರಾಜರತ್ನ ಒಬ್ಬನೇ. ಕಾಲುಚೀಲ ಕೆಳಗೆ ಸರಿಯಿತು. ಪಟ್ಟಿ ಸಡಿಲಾಗಿ ಜಾರಿ, ಕಂದು ಹಳದಿ ರಸಿಕೆಯಿಂದ ತೊಯ್ದಿತ್ತು. ವಾಸನೆ ಬಂತು. ಸಂಗನಬಸವನ ಬೆರಳುಗಳು ಒದ್ದೆಯಾದವು. ಅವನು ಕೈ ಹಿಂದೆ ತೆಗೆದುಕೊಂಡು, ಬೆರಳು ನೋಡಿ, ತನಗರಿವಿಲ್ಲದೆ ಧೋತರಕ್ಕೆ ಒರೆಸಿಕೊಂಡ. ಮುಖವೆತ್ತಿ, "ಸರ್... ಏನ್ರಿ ಇದು?" ಎಂದ. ಬರೇ ದುಃಖವಿತ್ತು ಆ ಮುಖದಲ್ಲಿ. ಆದರೆ ಅವನ ಬೆನ್ನು ಸಭೆಯ ಕಡೆಗಿತ್ತು.

"ಯಾರಿಗೂ ಹೇಳಬ್ಯಾಡೋ," ಎಂದ ರಾಜರತ್ನ, ತುಟಿಯಲ್ಲೇ. "ಮುಚ್ಚು."

ಸಂಗನಬಸವ ಶಾಲೆಯಲ್ಲಿದ್ದಾಗ ಹೇಳಿದ್ದನ್ನು ಕೇಳುತ್ತಿದ್ದ ಹಾಗೆಯೇ ಕಾಲುಚೀಲ ಮೇಲಕ್ಕೆಳೆದು, ಬೂಟು ಸಿಕ್ಕಿಸಿ, ಬೂಟಿನ ಮೇಲೆಯೇ ಒಂದು ಹಿಡಿ ಹೂವು ಸುರಿದು ಎದ್ದ. ಕೆಳಗೆ ಕೂತವರು ಕಂಡದ್ದು ಇಷ್ಟು: ಮಾಸ್ತರನ ಕಾಲು ಮುಟ್ಟಿದ, ಕೈ ಹಿಂದೆ ಎಳೆದುಕೊಂಡ, ಒರೆಸಿಕೊಂಡ, ನೀರು ಹಾಕದೆ ಎದ್ದು ಹೋದ. ಬಬಲೇಶ್ವರದಲ್ಲಿ ಫೋಟೋ ಸ್ಟುಡಿಯೋ ಇಟ್ಟ ಫಯಾಜ, ಅವನೂ ಅದೇ ತರಗತಿಯವನು, ಎಲ್ಲವನ್ನೂ ಮೊಬೈಲಿನಲ್ಲಿ ತೆಗೆಯುತ್ತಿದ್ದ. ರೇಣವ್ವ ಚೀಲ ಎತ್ತಿಕೊಂಡು ಊಟಕ್ಕೂ ನಿಲ್ಲದೆ ನಡೆದುಬಿಟ್ಟಳು.

ಊಟದ ಹೊತ್ತಿಗೆ ಬಸಗೊಂಡಪ್ಪ ಕೋಲೂರಿಕೊಂಡು ಬಂದ. ರಾಜರತ್ನ ಕುರ್ಚಿಯಲ್ಲಿ ಕೂತಿದ್ದ. ಎದ್ದು ನಿಲ್ಲಬೇಕೆಂದು ಕಾಲಿಗೆ ಅನಿಸಿತು. ಈ ಸಲ ಅವನು ಅದನ್ನು ಏಳಗೊಡಲಿಲ್ಲ. ಮುದುಕ ನಿಂತೇ ಎರಡೂ ಕೈ ಜೋಡಿಸಿದ. ಕೋಲು ಬಗಲಿನಿಂದ ಜಾರಿ ನೆಲಕ್ಕೆ ಬಿತ್ತು. "ಮಾಸ್ತರ, ಹುಡುಗ ತಪ್ಪ ಮಾಡ್ಯಾನ. ನಾವು ಅಂಥಾ ಬುದ್ಧಿ ಕಲಿಸಿಲ್ರಿ ಅವಗ. ಹೊಟ್ಟ್ಯಾಗ ಹಾಕ್ಕೋರಿ," ಎಂದ. ಹೆತ್ತ ತಂದೆಯೂ ಹಾಗೇ ನಂಬಿದ್ದ! ಪಕ್ಕದಲ್ಲಿ ಖಾಲಿ ಕುರ್ಚಿಯಿತ್ತು. ಕೂಡಿರಿ ಎನ್ನಲಿಲ್ಲ. "ಇರಲಿ ಬಿಡ್ರಿ," ಎಂದ ರಾಜರತ್ನ. ಕ್ಷಮಿಸುವವನ ದನಿ ಅದು. ಅಷ್ಟು ಗಂಭೀರವಾಗಿ, ಅಷ್ಟು ಸಲೀಸಾಗಿ ತನ್ನಿಂದ ಹೊರಟಿತಲ್ಲ ಎಂದು ಅವನಿಗೆ ಭಯವಾಯಿತು. ಆಚೆ ಹೋಳಿಗೆ ಬಡಿಸುತ್ತಿದ್ದ ಸಂಗನಬಸವ ಒಂದು ಸಲ ಇತ್ತ ನೋಡಿ, ಮತ್ತೆ ಎಲೆಗಳ ಮೇಲೆ ಬಾಗಿದ. ಅವನು ಬಡಿಸಲು ಬಂದಾಗ ಕೆಲವರು ಎಲೆಯ ಮೇಲೆ ಕೈ ಅಡ್ಡ ಹಿಡಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಹುಸೇನಸಾಬ ಪಕ್ಕಕ್ಕೇ ಕೂತ. "ಸಂಗ್ಯಾ ಹಂಗ ಮಾಡಬಾರದಿತ್ತು. ನನಗ ನಂಬಾಕ ಆಗವಲ್ದು," ಎಂದ. ರಾಜರತ್ನ ಕಿಟಕಿಯ ಹೊರಗೆ ನೋಡಿದ. ಬಿಸಿಲು ಇಳಿದು ದ್ರಾಕ್ಷಿಯ ಚಪ್ಪರಗಳ ಕೆಳಗೆ ಕತ್ತಲೆ ಸೇರಿತ್ತು. ಹೇಳಬಹುದಿತ್ತು. ಇಷ್ಟು ವರ್ಷದ ಗೆಳೆಯ, ಯಾರಿಗೂ ಹೇಳದವನು. ಆದರೆ ಹುಣ್ಣು ಎಂದು ಹೇಳಿದರೆ ಆ ಒಂದು ಗಳಿಗೆಯ ಮೌನವನ್ನೂ ಹೇಳಬೇಕು, ಇರಲಿ ಬಿಡ್ರಿ ಎಂದದ್ದನ್ನೂ ಹೇಳಬೇಕು. ಹುಣ್ಣಿಗಾದರೆ ಡಾಕ್ಟರ ಹತ್ತಿರ ಹೆಸರಿದೆ; ಆ ಮೌನಕ್ಕೆ ಯಾರ ಹತ್ತಿರವೂ ಇಲ್ಲ. ತನಗೆ ಅನ್ಯಾಯವಾಗಿಲ್ಲವೆ? ಆಗಿದೆ, ಹುಟ್ಟಿದಾಗಿನಿಂದ ಆಗಿದೆ. ಆದರೆ ಇವತ್ತು ಆಗಲಿಲ್ಲ, ಈ ಹುಡುಗನಿಂದ ಆಗಲಿಲ್ಲ. ಇಷ್ಟೆಲ್ಲ ತಿಳಿದೂ ಅವನು "ಹೂಂ" ಎಂದಷ್ಟೇ ಅಂದ. ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹುಸೇನಸಾಬ ಅವನ ಹೆಗಲು ಒತ್ತಿ ತಿಕೋಟಾದ ಬಸ್ಸು ಹತ್ತಿದ.

ಇಬ್ರಾಹಿಂಪುರದ ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಮಾಲಾ ಅವನ ನಡಿಗೆ ನೋಡಿಯೇ ದಿಂಬು ತಂದು ಹಾಕಿದಳು. ಅವನು ಬೂಟು, ಕಾಲುಚೀಲ ಕಳಚಿ, ಕಾಲನ್ನು ಎದೆಗಿಂತ ಮೇಲೆ ಬರುವಂತೆ ಏರಿಸಿಟ್ಟು, ಅದರ ಮೇಲೆ ಹೊದಿಕೆ ಎಳೆದುಕೊಂಡು ಮಲಗಿದ. ಹಳಿಯ ಮೇಲೆ ಒಂದು ಗಾಡಿ ಹೋಯಿತು. ಕಿಟಕಿಯ ಗಾಜು ಗಡಗಡ ಅಲುಗಿತು. ಅಷ್ಟರಲ್ಲಿ ಪೂನಮ ಮೊಬೈಲು ಹಿಡಿದುಕೊಂಡೇ ಒಳಗೆ ಬಂದಳು. ವಕೀಲಿ ಓದುವ ಮಗಳು. ಸಿಟ್ಟು ಬಂದರೆ ಅವಳ ಮೂಗಿನ ತುದಿ ಬೆಳ್ಳಗಾಗುತ್ತದೆ.

"ಅಪ್ಪಾ, ಇದು ಎಲ್ಲಾ ಗ್ರೂಪಿನ್ಯಾಗೂ ಬಂದೈತಿ. ನೋಡು."

ಅವನು ನೋಡಿದ. ಸಣ್ಣ ಗಾಜಿನಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನ ಕಾಲ ಬಳಿ ಬಾಗುತ್ತಾನೆ, ಕೈ ಹಿಂದೆ ಎಳೆಯುತ್ತಾನೆ, ಧೋತರಕ್ಕೆ ಒರೆಸಿಕೊಳ್ಳುತ್ತಾನೆ. ಕುರ್ಚಿಯಲ್ಲಿ ಕೂತವನ ಮುಖದಲ್ಲಿ ದೊಡ್ಡ ನೋವು. ಯಾರು ನೋಡಿದರೂ ಅವನ ಪರವಾಗುವಂಥ ಮುಖ. ತನ್ನ ಮುಖ ಅಷ್ಟು ಚೆನ್ನಾಗಿ ಸುಳ್ಳು ಹೇಳುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ನಾ ಬರದೀನಿ. ಆತನ ಹೆಸರು, ಅವರಪ್ಪನ ಹೆಸರು, ಊರು, ಎಲ್ಲಾ. ನಾಳೆ ಮುಂಜಾನೆ ಠಾಣೆಕ್ಕ ಹೋಗೂಣು. ನೀ ಬಂದ ಒಂದ ಸಹಿ ಹಾಕು ಸಾಕು," ಎಂದಳು ಪೂನಮ. ಅವಳ ಕಣ್ಣು ತುಂಬಿದ್ದವು. "ನೀ ಹೆಂಗ ಸುಮ್ನ ಕುಂತಿ ಅಪ್ಪಾ ಅಲ್ಲೆ? ನನಗ ನೋಡಾಕ ಆಗವಲ್ದು."

ಬಾಗಿಲಲ್ಲಿ ಮಾಲಾ ನಿಂತಿದ್ದಳು. ಅವಳು ಏನನ್ನೂ ಹೇಳುವವಳಲ್ಲ. ಅವನೇ ಹೇಳಲಿ ಎಂದು ನಿಂತಿದ್ದಳು. ರಾಜರತ್ನನ ತಲೆಯಲ್ಲಿ ಅರಕೇರಿಯ ಮುದುಕಿ ಮೂಗಿಗೆ ಸೆರಗು ಹಿಡಿದಳು, ಗ್ರೂಪುಗಳಲ್ಲಿ ಸಾವಿರ ಮಂದಿ ಹಿಡಿದರು, ರೇಣವ್ವನೂ ಹಿಡಿದಳು. ಹೀಗಿದ್ದೂ ನಮ್ಮ ಹುಡುಗಿಯನ್ನು ಸುಳ್ಳಿಗೆ ಅಳಿಸಿದನೇ ಎಂದು ಓಣಿಯ ಜನ ಕೇಳಿದರು. ಸುಮ್ಮನಿದ್ದರೆ ಇದು ಯಾವುದೂ ಇಲ್ಲ. ಒಂದು ಸಹಿ. ಹಾಕಿದರೆ ಸಂಗನಬಸವ ಆಗಲೂ ಬಾಯಿ ಬಿಡುವುದಿಲ್ಲ, ಅದು ಅವನಿಗೆ ಖಂಡಿತ ಗೊತ್ತಿತ್ತು. ಮುಚ್ಚು ಎಂದರೆ ಮುಚ್ಚಿದವನು ಅವನು. ರಾಜರತ್ನ ಹೊದಿಕೆ ಸರಿಸಿದ. ಬಾಗಿ ಪಿನ್ನು ತೆಗೆದ. ಅಂಟಿಕೊಂಡಿದ್ದ ಪಟ್ಟಿಯನ್ನು ಎಳೆಯುವಾಗ ನೋವಿಗೆ ಹಲ್ಲು ಕಚ್ಚಿದ. ಮಗಳು ಅಲ್ಲಿಯವರೆಗೆ ನೋಡಿರದಿದ್ದ ಕಾಲು ದೀಪದ ಬೆಳಕಿಗೆ ಬಂತು.

ಪೂನಮ ಒಂದು ಹೆಜ್ಜೆ ಹಿಂದೆ ಇಟ್ಟಳು. ಆ ಹೆಜ್ಜೆಯನ್ನೂ ಅವನು ನೋಡಿದ.

"ಅವನ ಕೈಗೆ ಇದು ಹತ್ತಿತ್ತು," ಎಂದ. "ಅದನ್ನ ಒರಸ್ಕೊಂಡಾನ. ಹೇಳಬ್ಯಾಡ ಅಂದಾಂವ ನಾನು. ಪಾದಪೂಜಿ ಒಲ್ಲೆ ಅಂದಾಂವನೂ ನಾನ. ಇದನ್ನ ಮೊಬೈಲಿನ್ಯಾಗ ತಗಿ. ಆ ವಿಡಿಯೋ ಹೋದಲ್ಲೆಲ್ಲಾ ಇದೂ ಹೋಗಲಿ."

ಪೂನಮಳ ಕೈ ಕೆಳಗಿಳಿದಿತ್ತು. "ಅಪ್ಪಾ, ಬ್ಯಾಡ. ನಾ ಬರದದ್ದ ಅಳಿಸಿ ಬಿಡ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ."

"ತಗಿಬೇ."

ಅವಳು ಮೊಬೈಲು ಎತ್ತಿ, ಹತ್ತಿರ ಬಗ್ಗಿ, ಹುಣ್ಣಿನ ಮೇಲೆ ಮಾತ್ರ ಹಿಡಿದಳು. ಯಾರ ಕಾಲೆಂದು ಯಾರಿಗೂ ತಿಳಿಯದ ಹಾಗೆ, ಅಪ್ಪನ ಮರ್ಯಾದೆ ಉಳಿಯುವ ಹಾಗೆ. ರಾಜರತ್ನ ಮೊಣಕೈಯೂರಿ ಎದ್ದು ಕೂತ.

"ಹಿಂದ ಸರಿ," ಎಂದ. "ಕಾಲಷ್ಟ ಅಲ್ಲ, ನನ್ನ ಮಾರಿನೂ ಬರಲಿ."